ಕೆ.ಆರ್.ಎಸ್. ಮೇಲಿನ ಕಾವೇರಿಯಲ್ಲಿ ಮೀನಿನ ಎಣಿಕೆ: ಕೊಳ್ಳದ ಮಟ್ಟದ ಅಂದಾಜಿಗೆ ಸಮಗ್ರ ಮಾರ್ಗದರ್ಶಿ

ನದಿ ಕೊಳ್ಳವೊಂದರಲ್ಲಿ ಎಷ್ಟು ಮೀನುಗಳಿವೆ ಎಂದು ಅಂದಾಜು ಮಾಡಲು ಹೊರಟ ತಂಡಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತವೆ. ಜೀಪು ನಿಲ್ಲುವ ಸೇತುವೆ, ಮೆಟ್ಟಿಲಿರುವ ಸ್ನಾನಘಟ್ಟ, ಊರವರು ತೋರಿಸಿದ ಒಳ್ಳೆಯ ಮಡು, ಹೀಗೆ ಹತ್ತು ಕಡೆ ಬಲೆ ಬೀಸಿ, ಸಿಕ್ಕಿದ ಮೀನುಗಳ ಸರಾಸರಿಯನ್ನು ನದಿಯ ಉದ್ದದಿಂದ ಗುಣಿಸಿ ವರದಿ ಬರೆಯುತ್ತವೆ. ಈ ಲೆಕ್ಕದಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ. ಮೀನು ಹೆಚ್ಚಿರುವ ಅಥವಾ ನಡೆದುಹೋಗಲು ಸುಲಭವಾದ ಜಾಗಗಳು ಇಡೀ ಕೊಳ್ಳವನ್ನು ಪ್ರತಿನಿಧಿಸುವುದಿಲ್ಲ ಎಂಬುದು ಒಂದು. ಬಲೆಗೆ ಬಿದ್ದ ಮೀನಿನ ಸಂಖ್ಯೆ ನೀರಿನಲ್ಲಿದ್ದ ಮೀನಿನ ಸಂಖ್ಯೆಯಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಸರಿಪಡಿಸುವ ಸೂತ್ರಗಳು ಎಲ್ಲ ಪಠ್ಯಗಳಲ್ಲಿಯೂ ಸಿಗುತ್ತವೆ. ಮೊದಲನೆಯದನ್ನು ಸರಿಪಡಿಸುವ ಕೆಲಸ ನೀರಿಗೆ ಇಳಿಯುವ ಮೊದಲೇ, ನಕ್ಷೆಯ ಮೇಲೆ ಮುಗಿದಿರಬೇಕು.

ಈ ಬರಹ ಕೃಷ್ಣರಾಜಸಾಗರಕ್ಕಿಂತ ಮೇಲಿನ ಕಾವೇರಿ ಕೊಳ್ಳವನ್ನು, ಅಂದರೆ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳನ್ನೂ ಕೊಡಗಿನ ಹಳ್ಳಗಳನ್ನೂ ಒಳಗೊಂಡ ಭಾಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ತುಂಗಾ, ಶರಾವತಿ ಅಥವಾ ನೇತ್ರಾವತಿಗೂ ಇದೇ ಕ್ರಮ ಹೊಂದುತ್ತದೆ. ಬದಲಾಗುವುದು ಗುಂಪುಗಳ ವಿವರ ಮಾತ್ರ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

"ಕಾವೇರಿಯಲ್ಲಿ ಎಷ್ಟು ಮೀನು?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ಕೃಷ್ಣರಾಜಸಾಗರಕ್ಕಿಂತ ಮೇಲೆ, ಹರಿಯುವ ನೀರಿನಲ್ಲಿ, ಡಿಸೆಂಬರಿನಿಂದ ಫೆಬ್ರುವರಿಯ ನಡುವೆ, 5 ಸೆಂಟಿಮೀಟರಿಗಿಂತ ಉದ್ದವಾದ, ಎಲ್ಲ ಜಾತಿಯ ಮೀನುಗಳು ಎಷ್ಟು?" ಎಂಬುದಕ್ಕೆ ಉತ್ತರವಿದೆ. ಜಾತಿ, ಗಾತ್ರ, ಕಾಲ ಮತ್ತು ಗಡಿ ಈ ನಾಲ್ಕೂ ಆ ವಾಕ್ಯದಲ್ಲಿ ಇರಲೇಬೇಕು. ಗಾತ್ರದ ಕೆಳಮಿತಿಯನ್ನು ಬಿಟ್ಟರೆ ಒಂದು ತಂಡ ಮರಿಗಳನ್ನೂ ಎಣಿಸಿ, ಇನ್ನೊಂದು ತಂಡ ಬಿಟ್ಟು, ಎರಡರ ಅಂಕಿಗಳು ಹತ್ತು ಪಟ್ಟು ಬೇರೆಯಾಗಬಹುದು.

ಗಡಿಯ ವಿಷಯದಲ್ಲಿ ಹಿನ್ನೀರು ತೊಂದರೆ ಕೊಡುತ್ತದೆ. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಮಟ್ಟ ಇಳಿದಂತೆ ಹಿನ್ನೀರು ಹಿಂದೆ ಸರಿದು ನದಿ ಉದ್ದವಾಗುತ್ತದೆ. ಪ್ರತಿ ವರ್ಷ ಕಂಡಲ್ಲಿ ಗಡಿ ಹಾಕಿದರೆ ವರ್ಷದಿಂದ ವರ್ಷಕ್ಕೆ ಹೋಲಿಕೆ ಕೆಡುತ್ತದೆ. ಆದ್ದರಿಂದ ಪೂರ್ಣ ಮಟ್ಟದ ರೇಖೆಯನ್ನೇ ಶಾಶ್ವತ ಗಡಿಯೆಂದು ಹಿಡಿಯಿರಿ. ಹಾರಂಗಿ, ಹೇಮಾವತಿ ಜಲಾಶಯಗಳಿಗೂ ಹಾಗೆಯೇ ಮಾಡಿ. ಜಲಾಶಯಗಳ ಮೀನು ಬೇರೆಯದೇ ಲೆಕ್ಕ. ಅಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿತ್ತನೆ ಮಾಡುತ್ತಾರೆ, ಹಿಡಿಯುವವರು ಪರವಾನಗಿ ಪಡೆದ ಮೀನುಗಾರರು, ವಿಧಾನವೂ ಬೇರೆ. ಅದನ್ನು ಈ ಅಂಕಿಯೊಳಗೆ ತುರುಕಬೇಡಿ.

ಹಂತ 2: ಅನುಮತಿ

ಇದನ್ನು ಮಳೆಗಾಲದಲ್ಲಿಯೇ ಆರಂಭಿಸಿ. ಕರ್ನಾಟಕದ ಒಳನಾಡು ನೀರಿಗೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಅನ್ವಯಿಸುವುದರಿಂದ ಮೀನುಗಾರಿಕೆ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗಿನ ಹೊಳೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಸ್ಫೋಟಕ, ವಿಷಗಳಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಸಂಶೋಧನೆಗೆಂದು ತಯಾರಾದ ವಿದ್ಯುತ್ ಉಪಕರಣವನ್ನು ಬಳಸುವುದಾದರೆ ಅದನ್ನು ಅರ್ಜಿಯಲ್ಲಿ ಹೆಸರಿಸಿ ಪ್ರತ್ಯೇಕವಾಗಿ ಕೇಳಿ. ಮನೆಯ ಕರೆಂಟಿನಿಂದ ಅಥವಾ ಇನ್ವರ್ಟರಿನಿಂದ ಮಾಡಿಕೊಂಡ ಸಾಧನ ಯಾವ ಕಾರಣಕ್ಕೂ ಬೇಡ. ಮೀನಿಗಿಂತ ಮೊದಲು ಮನುಷ್ಯರು ಸಾಯುತ್ತಾರೆ.

ಕೊಡಗಿನ ಬಹುಪಾಲು ಹಳ್ಳಗಳು ಖಾಸಗಿ ಕಾಫಿ ತೋಟಗಳ ನಡುವೆ ಹರಿಯುತ್ತವೆ. ತೋಟದ ಮಾಲೀಕರ ಒಪ್ಪಿಗೆಯನ್ನು ಹಂತ 4ರಲ್ಲಿ ಸ್ಥಳಗಳ ಪಟ್ಟಿ ಬಂದ ಮೇಲೆ ಕೇಳಿ, ಮೊದಲಲ್ಲ. ಮೊದಲೇ ಕೇಳಿದರೆ ಒಪ್ಪಿದವರ ತೋಟಗಳೇ ಸ್ಥಳಗಳಾಗಿಬಿಡುತ್ತವೆ.

ಹಂತ 3: ಕೊಳ್ಳವನ್ನು ಗುಂಪುಗಳಾಗಿ ಭಾಗ ಮಾಡಿ

ಬೇಕಾದ ಸಾಮಗ್ರಿ ಇಷ್ಟೇ: ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು, 30 ಮೀಟರ್ ಸೂಕ್ಷ್ಮತೆಯ ಎತ್ತರದ ದತ್ತಾಂಶ, ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್ ತಂತ್ರಾಂಶ. ಮೂರಕ್ಕೂ ದೊಡ್ಡ ಖರ್ಚಿಲ್ಲ.

ಮೊದಲು ಇಡೀ ಜಾಲಕ್ಕೆ ಹೊಳೆಗಳ ದರ್ಜೆ ಹಾಕಿ. ಉಪನದಿಯಿಲ್ಲದ ತೊರೆ ಒಂದನೇ ದರ್ಜೆ, ಒಂದನೇ ದರ್ಜೆಯ ಎರಡು ತೊರೆ ಕೂಡಿದರೆ ಎರಡನೇ ದರ್ಜೆ, ಹೀಗೆ ಸ್ಟ್ರಾಹ್ಲರ್ ಕ್ರಮ ಸಾಗುತ್ತದೆ. ಆಮೇಲೆ ಪ್ರತಿ ಹೊಳೆಯನ್ನೂ ಸಮ ಉದ್ದದ ಖಂಡಗಳಾಗಿ ಕತ್ತರಿಸಿ. ಗುಡ್ಡದ ತೊರೆಗಳಿಗೆ 100 ಮೀಟರ್, ಅಗಲವಾದ ಆದರೆ ದಾಟಬಹುದಾದ ಹೊಳೆಗೆ 200 ಮೀಟರ್ ಸಾಕಾಗುತ್ತದೆ. ಖಂಡದ ಉದ್ದ ನೀರಿನ ಅಗಲದ 20 ಪಟ್ಟಿಗಿಂತ ಕಡಿಮೆಯಾದರೆ ಒಂದೇ ಬಗೆಯ ಆವಾಸ ಮಾತ್ರ ಅದರೊಳಗೆ ಬರುತ್ತದೆ. ದೊಡ್ಡ ಮಡುಗಳನ್ನು ಕತ್ತರಿಸಬೇಡಿ, ಒಂದು ಮಡುವೆಂದರೆ ಒಂದು ಖಂಡ.

ಈ ಖಂಡಗಳನ್ನು ಗುಂಪುಗಳಿಗೆ ಹಂಚುವುದು ಇಡೀ ಕೆಲಸದ ತಿರುಳು. ಮೇಲಿನ ಕಾವೇರಿಗೆ ಕನಿಷ್ಠ ಈ ಗುಂಪುಗಳು ಬೇಕು: ಒಂದು ಮತ್ತು ಎರಡನೇ ದರ್ಜೆಯ ಗುಡ್ಡದ ತೊರೆಗಳು, ಮಧ್ಯದ ಹೊಳೆಗಳ ಕಲ್ಲುಹಾಸಿನ, ಆಳವಿಲ್ಲದ ರಭಸದ ನೀರು, ಮಡುಗಳು, ಕಟ್ಟೆಗಳ ಹಿಂದೆ ನಿಂತ ನೀರು. ಚುಂಚನಕಟ್ಟೆಯ ಜಲಪಾತವನ್ನೂ ದೊಡ್ಡ ಅಣೆಗಳನ್ನೂ ಗಡಿರೇಖೆಗಳೆಂದು ಹಿಡಿಯಿರಿ, ಏಕೆಂದರೆ ಅವುಗಳ ಮೇಲೆ ಮತ್ತು ಕೆಳಗೆ ಇರುವ ಮೀನುಗಳು ಒಂದೇ ಸಮುದಾಯವಾಗಿರಬೇಕೆಂದಿಲ್ಲ.

ಐದನೆಯ ಗುಂಪೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ದೇವಸ್ಥಾನಗಳ ಆಶ್ರಯದಲ್ಲಿರುವ ಮತ್ಸ್ಯಧಾಮಗಳು ಒಂದು ಗುಂಪು. ಈ ಕೊಳ್ಳದಲ್ಲಿ ರಾಮನಾಥಪುರದ್ದು ಎಲ್ಲರಿಗೂ ಗೊತ್ತಿರುವುದು. ಭಕ್ತರು ಅಕ್ಕಿ, ಪುರಿ ಹಾಕುವ, ಯಾರೂ ಹಿಡಿಯದ ಆ ನೀರಿನಲ್ಲಿ ಮೀನಿನ ಸಾಂದ್ರತೆ ನೂರು ಮೀಟರ್ ಆಚೆಗಿನ ನೀರಿಗಿಂತ ಬಹುಪಟ್ಟು ಹೆಚ್ಚಿರುತ್ತದೆ. ಅಂಥ ಒಂದು ಸ್ಥಳ ಮಡುಗಳ ಪಟ್ಟಿಗೆ ಸೇರಿ, ಚೀಟಿಯಲ್ಲಿ ಎದ್ದುಬಂದರೆ, ಅದರ ಸಂಖ್ಯೆ ಉಳಿದೆಲ್ಲ ಮಡುಗಳಿಗೂ ಹಂಚಿಹೋಗಿ ಒಟ್ಟು ಅಂದಾಜು ಹಾಳಾಗುತ್ತದೆ. ಮತ್ಸ್ಯಧಾಮವನ್ನು ಪ್ರತ್ಯೇಕವಾಗಿ ಎಣಿಸಿ, ಕೊನೆಯಲ್ಲಿ ಕೂಡಿಸಿ, ಎಂದೂ ಗುಣಿಸಬೇಡಿ. ಅಲ್ಲಿ ಬಲೆ ಹಾಕುವ ಮಾತೇ ಇಲ್ಲದ್ದರಿಂದ, ಆಹಾರ ಹಾಕಿದಾಗ ಮೇಲಿನಿಂದ ತೆಗೆದ ಚಿತ್ರಗಳ ಎಣಿಕೆಯನ್ನೇ "ಕನಿಷ್ಠ ಇಷ್ಟು" ಎಂದು ದಾಖಲಿಸುವುದು ಪ್ರಾಮಾಣಿಕ ದಾರಿ.

ಹಂತ 4: ಸ್ಥಳಗಳನ್ನು ಚೀಟಿ ಎತ್ತಿ ಆರಿಸಿ

ಪ್ರತಿ ಗುಂಪಿನ ಖಂಡಗಳಿಗೆ ಕ್ರಮಸಂಖ್ಯೆ ಕೊಟ್ಟು, ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳಿಂದ ಬೇಕಾದುದರ ಎರಡು ಪಟ್ಟು ಸ್ಥಳಗಳನ್ನು ಎತ್ತಿ, ಎತ್ತಿದ ಕ್ರಮದಲ್ಲಿಯೇ ಪಟ್ಟಿ ಮಾಡಿ. ಪಟ್ಟಿಯ ಮೊದಲರ್ಧ ನಿಮ್ಮ ಸ್ಥಳಗಳು, ಉಳಿದವು ಮೀಸಲು.

ಯಾವ ಗುಂಪಿಗೆ ಎಷ್ಟು ಸ್ಥಳ ಎಂಬುದನ್ನು ಗುಂಪಿನ ಖಂಡಗಳ ಸಂಖ್ಯೆ ಮತ್ತು ಆ ಗುಂಪಿನೊಳಗಿನ ಏರುಪೇರು ಎರಡೂ ಸೇರಿ ನಿರ್ಧರಿಸುತ್ತವೆ. ಎರಡರ ಗುಣಲಬ್ಧಕ್ಕೆ ತಕ್ಕಂತೆ ಹಂಚಿದರೆ ಅದೇ ಖರ್ಚಿನಲ್ಲಿ ಅತಿ ಕಡಿಮೆ ಅನಿಶ್ಚಿತತೆ ಸಿಗುತ್ತದೆ. ಮೊದಲ ವರ್ಷ ಏರುಪೇರು ಎಷ್ಟೆಂದು ತಿಳಿದಿರುವುದಿಲ್ಲವಾದ್ದರಿಂದ ಪ್ರತಿ ಗುಂಪಿನಲ್ಲಿ ಮೂರು ನಾಲ್ಕು ಕಡೆ ಪ್ರಾಯೋಗಿಕವಾಗಿ ಹಿಡಿದು ನೋಡಿ.

ಇಲ್ಲಿ ಎರಡು ನಿಯಮಗಳನ್ನು ಕಡ್ಡಾಯವಾಗಿ ಪಾಲಿಸಬೇಕು. ತೋಟದ ಮಾಲೀಕರು ಒಪ್ಪದಿದ್ದರೆ ಅಥವಾ ಇಳಿಯಲು ದಾರಿಯೇ ಇಲ್ಲದಿದ್ದರೆ, ಅದೇ ಗುಂಪಿನ ಮೀಸಲು ಪಟ್ಟಿಯ ಮುಂದಿನ ಸ್ಥಳಕ್ಕೆ ಹೋಗಿ, ಕಾರಣ ಬರೆದಿಡಿ. ಆದರೆ ಖಂಡ ಬತ್ತಿಹೋಗಿದ್ದರೆ ಬದಲಿ ಸ್ಥಳ ಹುಡುಕಬಾರದು. ಬತ್ತಿದ ಖಂಡದ ಉತ್ತರ ಸೊನ್ನೆ, ಸೊನ್ನೆಯೂ ಒಂದು ದತ್ತಾಂಶ. ನಕ್ಷೆಯ ಮೇಲಿನ ನೀಲಿ ಗೆರೆಗಳಲ್ಲಿ ಎಷ್ಟೋ ತೊರೆಗಳು ಫೆಬ್ರುವರಿಯ ಹೊತ್ತಿಗೆ ಬರಿಯ ಕಲ್ಲುಗಳಾಗಿರುತ್ತವೆ. ಅವನ್ನು ಬಿಟ್ಟು ನೀರಿರುವ ಕಡೆಗೇ ಹೋದ ತಂಡ, ಬತ್ತಿದ ತೊರೆಗಳಲ್ಲಿಯೂ ಮೀನನ್ನು ಲೆಕ್ಕಕ್ಕೆ ಹಿಡಿದಂತಾಗುತ್ತದೆ. ನನ್ನ ಅನುಭವದಲ್ಲಿ ಗುಡ್ಡದ ತೊರೆಗಳ ಅಂದಾಜು ಉಬ್ಬಿಹೋಗಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಹಂತ 5: ಕಾಲ ಮತ್ತು ಕ್ರಮ

ಮೊದಲ ಮಳೆಗೆ ಮೀನುಗಳು ಹಳ್ಳ, ಗದ್ದೆಗಳ ಕಡೆ ಹತ್ತುತ್ತವೆ. ಮಳೆಗಾಲದುದ್ದಕ್ಕೂ ನೀರು ಕೆಂಪಗೆ, ರಭಸವಾಗಿ ಇರುತ್ತದೆ. ಹಿಂಗಾರು ಕಳೆದು ನೀರು ತಿಳಿಯಾಗುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅಲ್ಲಿಂದ ಫೆಬ್ರುವರಿ ಮಧ್ಯದವರೆಗಿನ ಅವಧಿ ನಿಮ್ಮದು.

ಆ ಅವಧಿಯಲ್ಲಿಯೂ ಗುಡ್ಡದ ತೊರೆಗಳನ್ನು ಮೊದಲು ಮುಗಿಸಿ, ದೊಡ್ಡ ಮಡುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಇದಕ್ಕೆ ಕಾರಣ ಕಾಫಿ. ಡಿಸೆಂಬರಿನಿಂದ ಹಣ್ಣು ಕೊಯ್ಲು ನಡೆದು, ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ಕೆಲವು ಹಳ್ಳಗಳಿಗೆ ಸೇರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂ ಅರಳಿಸಲು ತೋಟದವರು ಸ್ಪ್ರಿಂಕ್ಲರ್ ಹಚ್ಚಿ ಹಳ್ಳದ ನೀರನ್ನೇ ಪಂಪು ಮಾಡುತ್ತಾರೆ. ಒಂದೇ ತೊರೆ ಜನವರಿಯಲ್ಲಿಯೂ ಮಾರ್ಚ್‌ನಲ್ಲಿಯೂ ಎರಡು ಬೇರೆ ತೊರೆಗಳಂತೆ ಕಾಣಿಸುತ್ತದೆ. ಪಲ್ಪಿಂಗ್ ವಾಸನೆ, ಕಂದು ನೊರೆ ಕಂಡ ಖಂಡದಲ್ಲಿ ಎಣಿಕೆ ಬಿಡಬೇಡಿ. ಎಣಿಸಿ, ಆದರೆ ಅದನ್ನು ಹಾಳೆಯಲ್ಲಿ ಬರೆಯಿರಿ.

ಜಲಾಶಯದ ಕೆಳಗಿನ ಖಂಡಗಳಿಗೆ ಹೋಗುವ ಮುನ್ನ ನೀರು ಬಿಡುಗಡೆಯ ವೇಳಾಪಟ್ಟಿಯನ್ನು ವಿಚಾರಿಸಿ. ಹಾರಂಗಿಯ ಕೆಳಗೆ ರಾತ್ರೋರಾತ್ರಿ ಒಂದು ಅಡಿ ನೀರು ಏರಿದರೆ ಬಲೆ ಮಾತ್ರವಲ್ಲ, ಲೆಕ್ಕದ ಆಧಾರವೂ ಕೊಚ್ಚಿಹೋಗುತ್ತದೆ. ಕಾವೇರಿಗೆ ಕುಡಿಗೆ, ಹೇಮಾವತಿಗೆ ಅಕ್ಕಿಹೆಬ್ಬಾಳು, ಹೀಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳ ಮಟ್ಟವನ್ನು ದಿನವೂ ಗಮನಿಸುವುದು ಒಳ್ಳೆಯದು.

ಹಂತ 6: ತೊರೆಗಳಲ್ಲಿ ಹಿಡಿದು ತೆಗೆಯುವ ವಿಧಾನ

ಬೇಕಾದವು: ಸಣ್ಣ ಕಣ್ಣಿನ ಎರಡು ತಡೆಬಲೆ, ಬೀಸುಬಲೆ ಮತ್ತು ಕೈಬಲೆ (ಅಥವಾ ಅನುಮತಿಯಿದ್ದರೆ ಬೆನ್ನಿಗೆ ಹೊರುವ ವಿದ್ಯುತ್ ಉಪಕರಣ), ಗಾಳಿ ಹಾಯಿಸುವ ಪಂಪಿರುವ ಬಕೆಟ್ಟುಗಳು, ಅಳತೆ ಹಲಗೆ, ತಕ್ಕಡಿ, ಪೆನ್ಸಿಲ್ಲು.

ಖಂಡದ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ತಡೆಬಲೆ ಕಟ್ಟಿ, ಬಲೆಯ ತಳದಂಚಿನ ಮೇಲೆ ಕಲ್ಲು ಜೋಡಿಸಿ. ತಳದಲ್ಲಿ ಕೈ ಹೋಗುವಷ್ಟು ಸಂದಿ ಉಳಿದರೂ ಮೀನು ಅಲ್ಲಿಂದಲೇ ಜಾರುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು ಹಿಡಿದು, ಸಿಕ್ಕ ಮೀನನ್ನು ಬಕೆಟ್ಟಿನಲ್ಲಿಡಿ. ನೀರು ತಿಳಿಯಾಗುವವರೆಗೆ ಕಾದು, ಅಷ್ಟೇ ಜನ, ಅಷ್ಟೇ ಹೊತ್ತು, ಅದೇ ಸಲಕರಣೆಯಲ್ಲಿ ಎರಡನೇ ಮತ್ತು ಮೂರನೇ ಸುತ್ತು ಮುಗಿಸಿ. ಸುತ್ತಿನಿಂದ ಸುತ್ತಿಗೆ ಮೀನು ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಉಳಿದಿರುವ ಮೀನಿನ ಸುಳಿವು.

ಉದಾಹರಣೆಗೆ, ಮೂರು ಸುತ್ತುಗಳಲ್ಲಿ 46, 18, 8 ಮೀನು ಸಿಕ್ಕವು ಎನ್ನೋಣ. ಮೊದಲ ಎರಡು ಸುತ್ತುಗಳಷ್ಟರಿಂದಲೇ ಅಂದಾಜು ಮಾಡುವುದಾದರೆ, ಮೊದಲ ಸುತ್ತಿನ ಸಂಖ್ಯೆಯ ವರ್ಗವನ್ನು ಎರಡೂ ಸುತ್ತುಗಳ ವ್ಯತ್ಯಾಸದಿಂದ ಭಾಗಿಸಬೇಕು: 46 × 46 ÷ 28, ಅಂದರೆ ಸುಮಾರು 76. ಮೂರೂ ಸುತ್ತುಗಳನ್ನು ಬಳಸುವ ಝಿಪ್ಪಿನ್ ಕ್ರಮದಲ್ಲಿ ಸುಮಾರು 77 ಬರುತ್ತದೆ. ಕೈಯಾರೆ ಲೆಕ್ಕ ಬೇಡವೆನ್ನುವವರು ಆರ್ ತಂತ್ರಾಂಶದ ಎಫ್‌ಎಸ್‌ಎ ಪ್ಯಾಕೇಜನ್ನು ಬಳಸಬಹುದು.

ಎಲ್ಲ ಖಂಡಗಳಲ್ಲಿಯೂ ಮೂರು ಸುತ್ತು ಹಿಡಿಯಲು ಹೊತ್ತು ಸಾಲದಿದ್ದರೆ, ಮೂರರಲ್ಲಿ ಒಂದು ಖಂಡದಲ್ಲಿ ಪೂರ್ಣ ಕ್ರಮ ಅನುಸರಿಸಿ, ಉಳಿದ ಕಡೆ ಒಂದೇ ಸುತ್ತು ಹಿಡಿಯಿರಿ. ಮೇಲಿನ ಉದಾಹರಣೆಯಲ್ಲಿ ಮೊದಲ ಸುತ್ತಿಗೆ ಸಿಕ್ಕಿದ್ದು 77ರಲ್ಲಿ 46, ಅಂದರೆ ಶೇ. 60. ಅದೇ ಗುಂಪಿನ ಇನ್ನೊಂದು ಖಂಡದಲ್ಲಿ ಒಂದೇ ಸುತ್ತಿಗೆ 30 ಸಿಕ್ಕರೆ ಅಲ್ಲಿ ಸುಮಾರು 50 ಇದ್ದವೆಂದು ತಿಳಿಯಬಹುದು. ಈ ಶೇಕಡಾ ಪ್ರಮಾಣವನ್ನು ಒಂದೇ ಖಂಡದಿಂದ ತೆಗೆಯದೆ, ಪೂರ್ಣ ಕ್ರಮ ನಡೆದ ಎಲ್ಲ ಖಂಡಗಳಿಂದ ತೆಗೆಯಿರಿ. ಬೇರೆ ಗುಂಪಿಗೆ, ಬೇರೆ ತಂಡಕ್ಕೆ, ಬೇರೆ ವರ್ಷಕ್ಕೆ ಸಾಲ ಕೊಡಬೇಡಿ.

ಎಚ್ಚರಿಕೆಯ ಲಕ್ಷಣಗಳು: ಎರಡನೇ ಸುತ್ತಿನಲ್ಲಿ ಮೊದಲಿನಷ್ಟೇ ಅಥವಾ ಹೆಚ್ಚು ಮೀನು ಬಂದರೆ ಸೂತ್ರ ಕೆಲಸ ಮಾಡುವುದಿಲ್ಲ. ತಡೆಬಲೆ ಸೋರುತ್ತಿದೆ ಅಥವಾ ಮೊದಲ ಸುತ್ತನ್ನು ಅವಸರದಲ್ಲಿ ಮುಗಿಸಲಾಗಿದೆ ಎಂದೇ ಅರ್ಥ. ಬಂಡೆಗೆ ಅಂಟಿಕೊಂಡಿರುವ ಗಾರ್ರಾ ಜಾತಿಯ ಮೀನುಗಳು ಬೀಸುಬಲೆಗೆ ಬೀಳುವುದೇ ಅಪರೂಪವಾದ್ದರಿಂದ ಅವುಗಳ ಲೆಕ್ಕವನ್ನು ಬೇರೆಯೇ ಮಾಡಿ. ಮಳೆಕಾಡಿನ ತೊರೆಗಳ ನೀರಿನಲ್ಲಿ ಲವಣಾಂಶ ತೀರಾ ಕಡಿಮೆಯಿರುವುದರಿಂದ ವಿದ್ಯುತ್ ಉಪಕರಣದ ಪ್ರಭಾವವೂ ಕುಗ್ಗುತ್ತದೆ; ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಬರೆಯದ ಹಾಳೆಯನ್ನು ಇನ್ನೊಂದು ಹಾಳೆಯೊಡನೆ ಹೋಲಿಸಲಾಗುವುದಿಲ್ಲ. ಒಳ್ಳೆಯ ಎಣಿಕೆಯಲ್ಲಿಯೂ, ಮೊದಲ ಸುತ್ತಿಗೆ ಬೆದರಿದ ಮೀನು ಎರಡನೆಯದಕ್ಕೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಈ ವಿಧಾನ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದನ್ನು ವರದಿಯಲ್ಲಿ ಹೇಳಿ.

ಹಂತ 7: ಮಡುಗಳಲ್ಲಿ ಗುರುತು ಹಾಕಿ ಮರಳಿ ಹಿಡಿಯುವ ವಿಧಾನ

ಮಡುವಿಗೆ ತಡೆಬಲೆ ಕಟ್ಟುವುದು ಸಾಧ್ಯವಿಲ್ಲದ ಮಾತು. ಇಲ್ಲಿ ತೆಪ್ಪದಿಂದ ಹಿಡಿದ ಮೀನಿಗೆ ಗುರುತು ಮಾಡಿ ಬಿಟ್ಟು, ಒಂದೆರಡು ದಿನದ ನಂತರ ಮತ್ತೆ ಹಿಡಿದಾಗ ಗುರುತಿನವು ಎಷ್ಟು ಬಂದವೆಂದು ನೋಡಬೇಕು.

ಗುರುತಿನ ವಿಷಯದಲ್ಲಿ ಹೊರದೇಶದ ಕೈಪಿಡಿಗಳನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಅವು ಟ್ರೌಟ್ ಮೀನಿಗಾಗಿ ಬರೆದವು, ಬಾಲದ ಮುಂದೆ ಬೆನ್ನ ಮೇಲಿರುವ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಲು ಹೇಳುತ್ತವೆ. ನಮ್ಮ ಗೆಂಡೆ, ಮಹಶೀರ್ ಮುಂತಾದ ಕಾರ್ಪ್ ಕುಟುಂಬದ ಮೀನುಗಳಿಗೆ ಆ ರೆಕ್ಕೆಯೇ ಇಲ್ಲ. ಇವುಗಳಿಗೆ ಹೊಟ್ಟೆಯ ಜೋಡಿ ರೆಕ್ಕೆಗಳಲ್ಲಿ ಒಂದರ ತುದಿಯನ್ನು ಮಾತ್ರ, ಚೂಪಾದ ಸಣ್ಣ ಕತ್ತರಿಯಿಂದ, ರೆಕ್ಕೆಯ ಕಾಲುಭಾಗ ಮೀರದಂತೆ ಕತ್ತರಿಸಿ. ಒಂದು ಮಡುವಿಗೆ ಎಡ ರೆಕ್ಕೆ, ಪಕ್ಕದ ಮಡುವಿಗೆ ಬಲ ರೆಕ್ಕೆ ಎಂದು ನಿಗದಿ ಮಾಡಿದರೆ ಒಂದರಿಂದ ಇನ್ನೊಂದಕ್ಕೆ ಹೋದ ಮೀನೂ ಗೊತ್ತಾಗುತ್ತದೆ. ಕತ್ತರಿಸಿದ ತುದಿ ಮತ್ತೆ ಬೆಳೆಯುವುದರಿಂದ ಇದು ಕೆಲವು ವಾರಗಳ ಗುರುತಷ್ಟೇ. ಮುಂದಿನ ವರ್ಷಕ್ಕೂ ಬೇಕೆಂದರೆ ದೊಡ್ಡ ಮೀನುಗಳ ಮೈಯೊಳಗೆ ಪಿಟ್ ಟ್ಯಾಗ್ ಎಂಬ ಸಣ್ಣ ಗುರುತಿನ ಚಿಪ್ ಸೇರಿಸಬೇಕಾಗುತ್ತದೆ.

ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿ. ಒದ್ದೆ ಕೈಯಿಂದ ಹಿಡಿಯಿರಿ, ಗುರುತು ಮಾಡಿದ ಮೀನನ್ನು ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಗಮನಿಸಿ, ನೆಟ್ಟಗೆ ಈಜುವುದನ್ನು ಮಾತ್ರ ಬಿಡಿ. ಮಗ್ಗುಲಾಗಿ ತೇಲುವ ಮೀನನ್ನು ಗುರುತಿನ ಲೆಕ್ಕದಿಂದಲೇ ತೆಗೆದುಹಾಕಬೇಕು. ಅದು ಸತ್ತರೆ ಮರಳಿ ಸಿಗುವ ಗುರುತುಗಳು ಕಡಿಮೆಯಾಗಿ, ಅಂದಾಜು ಇಲ್ಲದ ಮೀನನ್ನು ಹುಟ್ಟಿಸುತ್ತದೆ. ಗಿಲ್‌ನೆಟ್‌ನಲ್ಲಿ ಕಿವಿರು ಸಿಕ್ಕಿಕೊಂಡ ಮೀನು ಬದುಕುವುದು ಕಷ್ಟವಾದ್ದರಿಂದ ಮೊದಲ ಹಿಡಿತಕ್ಕೆ ಬೀಸುಬಲೆ ಅಥವಾ ಎಳೆಬಲೆ ಬಳಸಿ. ಗಿಲ್‌ನೆಟ್ ಬೇಕಿದ್ದರೆ ಎರಡನೇ ಹಿಡಿತದಲ್ಲಿ, ಬೇರೆ ಬೇರೆ ಕಣ್ಣಿನ ತುಂಡುಗಳನ್ನು ಜೋಡಿಸಿ, ಅಲ್ಪ ಹೊತ್ತಿಗೊಮ್ಮೆ ಎತ್ತಿ ನೋಡುವಂತೆ ಹಾಕಿ. ಎರಡು ಹಿಡಿತಗಳಿಗೆ ಬೇರೆ ಬೇರೆ ಸಲಕರಣೆ ಇದ್ದರೆ ಒಳ್ಳೆಯದೇ. ಒಮ್ಮೆ ಬೀಸುಬಲೆಗೆ ಬಿದ್ದ ಮೀನು ಅದನ್ನು ತಪ್ಪಿಸಲು ಕಲಿತಿರುತ್ತದೆ.

ಲೆಕ್ಕಕ್ಕೆ ಪೀಟರ್‌ಸನ್ ಎಂಬವರ ಮೂಲ ಸೂತ್ರಕ್ಕಿಂತ ಅದನ್ನು ಚಾಪ್‌ಮನ್ ತಿದ್ದಿದ ರೂಪ ಸುರಕ್ಷಿತ. ಗುರುತು ಮಾಡಿದ ಮೀನಿನ ಸಂಖ್ಯೆಗೆ ಒಂದು ಕೂಡಿಸಿ, ಎರಡನೇ ಹಿಡಿತದ ಸಂಖ್ಯೆಗೆ ಒಂದು ಕೂಡಿಸಿ, ಇವೆರಡನ್ನೂ ಗುಣಿಸಿ, ಮರಳಿ ಸಿಕ್ಕ ಗುರುತಿನ ಮೀನುಗಳ ಸಂಖ್ಯೆಗೆ ಒಂದು ಕೂಡಿಸಿ ಅದರಿಂದ ಭಾಗಿಸಿ, ಕೊನೆಗೆ ಒಂದನ್ನು ಕಳೆಯಿರಿ. ಗುರುತು ಮಾಡಿದ್ದು 60, ಎರಡನೇ ಬಾರಿ ಹಿಡಿದದ್ದು 50, ಅದರಲ್ಲಿ ಗುರುತಿನವು 9 ಆದರೆ: 61 × 51 ÷ 10 − 1, ಅಂದರೆ 310. ಇದರ ಮಾನಕ ದೋಷ (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) ಸುಮಾರು 77, ಹಾಗಾಗಿ ಶೇ. 95ರ ವಿಶ್ವಾಸ ವ್ಯಾಪ್ತಿ ಸುಮಾರು 160ರಿಂದ 460. ಇಷ್ಟು ಅಗಲವೇ ಎಂದು ಹೊಸಬರು ಗಾಬರಿಯಾಗುತ್ತಾರೆ. ಒಂದು ಮಡುವಿಗೆ ಇಷ್ಟು ಅಗಲ ಸಹಜ, ಕೊಳ್ಳದ ಲೆಕ್ಕಕ್ಕೆ ಇದು ದೊಡ್ಡ ತೊಂದರೆಯೂ ಅಲ್ಲ. ಏಕೆಂಬುದು ಹಂತ 9ರಲ್ಲಿದೆ.

ಎಚ್ಚರಿಕೆಯ ಲಕ್ಷಣಗಳು: ಮರಳಿ ಸಿಕ್ಕ ಗುರುತುಗಳು 7ಕ್ಕಿಂತ ಕಡಿಮೆಯಿದ್ದರೆ ಅಂದಾಜನ್ನು ನಂಬದೆ ಮೂರನೇ ಹಿಡಿತ ಮಾಡಿ. ಗುರುತಿನವೆಲ್ಲ ಬಿಟ್ಟ ಜಾಗದಲ್ಲಿಯೇ ಸಿಕ್ಕರೆ ಮೀನು ಇನ್ನೂ ಬೆರೆತಿಲ್ಲ. ನಡುವೆ ಮಳೆ ಬಂದು ಅಥವಾ ಅಣೆಕಟ್ಟೆಯಿಂದ ನೀರು ಬಿಟ್ಟು ಮಟ್ಟ ಏರಿದ್ದರೆ ಆ ಮಡುವಿನ ಕೆಲಸವನ್ನು ಮೊದಲಿನಿಂದ ಆರಂಭಿಸಿ. ಊರಿನ ಮೀನುಗಾರರಿಗೆ ಮುಂಚಿತವಾಗಿ ತಿಳಿಸಿ, ಆ ಎರಡು ದಿನಗಳ ಹಿಡಿತದಲ್ಲಿ ರೆಕ್ಕೆ ಕತ್ತರಿಸಿದ ಮೀನು ಬಂದರೆ ತೋರಿಸಲು ಕೇಳಿ. ಮಡುವಿನ ಆಳ, ಕಲ್ಲು, ಸುಳಿ ಎಲ್ಲವೂ ತಿಳಿದಿರುವವರು ಅವರೇ ಆದ್ದರಿಂದ ತೆಪ್ಪಕ್ಕೂ ಅವರನ್ನೇ ಕೂಲಿ ಕೊಟ್ಟು ಕರೆದೊಯ್ಯುವುದು ಸರಿ.

ಇಲ್ಲಿಯೇ ಸುರಕ್ಷತೆಯ ಮಾತನ್ನೂ ಹೇಳಬೇಕು. ದುಬಾರೆ, ನಾಗರಹೊಳೆಯ ಅಂಚಿನ ಖಂಡಗಳಲ್ಲಿ ಆನೆ ನೀರಿಗೆ ಬರುವ ಹೊತ್ತಿನಲ್ಲಿ, ಅಂದರೆ ಮುಂಜಾನೆಯ ಕತ್ತಲಲ್ಲಿ ಮತ್ತು ಸಂಜೆಯ ನಂತರ, ದಡದಲ್ಲಿ ಇರಬೇಡಿ. ರಾತ್ರಿ ಬಲೆ ಬಿಟ್ಟುಬಂದರೆ ನೀರುನಾಯಿಗಳು ಮೀನನ್ನೂ ಬಲೆಯನ್ನೂ ಮುಗಿಸಿರುತ್ತವೆ.

ಹಂತ 8: ಜಾತಿಯನ್ನು ಸರಿಯಾಗಿ ಬರೆಯಿರಿ

ಹೆಸರಿನಲ್ಲಿ ಆಗುವ ತಪ್ಪನ್ನು ಯಾವ ಸೂತ್ರವೂ ತಿದ್ದಲಾರದು. ಊರಿನ ಹೆಸರು ಒಂದೇ ಇದ್ದರೂ ಅದು ಎರಡು ಮೂರು ಜಾತಿಗಳನ್ನು ಸೂಚಿಸಬಹುದು. ಮಹಶೀರ್ ಇದಕ್ಕೆ ದೊಡ್ಡ ಉದಾಹರಣೆ. ಕಾವೇರಿಗೆ ಮೂಲದ ಡುಬ್ಬದ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿ ಎಂದು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅದು ಅತ್ಯಂತ ಅಪಾಯದಂಚಿನ ಪಟ್ಟಿಗೂ ಸೇರಿತು. ಆದರೆ ಈ ನದಿಗೆ ಲೋಣಾವಳದ ಮೀನುಮರಿ ಉತ್ಪಾದನಾ ಕೇಂದ್ರದಿಂದ ತಂದು ಬಿಟ್ಟ ಟಾರ್ ಖುದ್ರೀ, ಅಂದರೆ ನೀಲಿ ರೆಕ್ಕೆಯ ಮಹಶೀರ್, ಈಗ ಹರಡಿಕೊಂಡಿದೆ. ಎರಡನ್ನೂ "ಮಹಶೀರ್" ಎಂದು ಒಂದೇ ಅಂಕಣದಲ್ಲಿ ಬರೆದರೆ, ಒಂದು ಜಾತಿ ಅಳಿಯುತ್ತಿರುವುದನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕುತ್ತದೆ. ಪ್ರತಿ ಜಾತಿಯ ಕೆಲವು ಮೀನುಗಳನ್ನು ಅಳತೆ ಪಟ್ಟಿಯ ಪಕ್ಕದಲ್ಲಿಟ್ಟು, ಎಡ ಮಗ್ಗುಲು, ಬಾಯಿ ಮತ್ತು ರೆಕ್ಕೆಗಳು ಕಾಣುವಂತೆ ಚಿತ್ರ ತೆಗೆಯಿರಿ. ಜಿಲೇಬಿ (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊರಗಿನ ಮೀನುಗಳಿಗೆ ಪ್ರತ್ಯೇಕ ಸಾಲು ಇರಲಿ. ಅವನ್ನು ಕೂಡಿಸಿದ ಒಟ್ಟು, ಕೂಡಿಸದ ಒಟ್ಟು ಎರಡನ್ನೂ ಕೊಡಿ.

ನೀರಿನ ಮಾದರಿಯಿಂದ ಡಿಎನ್ಎ ಪತ್ತೆ ಮಾಡುವ ವಿಧಾನ ಈಗ ಬಹಳ ಜನಪ್ರಿಯ. ಯಾವ ಜಾತಿ ಇದೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಎಷ್ಟಿವೆ ಎಂದು ಹರಿಯುವ ನೀರಿನಲ್ಲಿ ಅದರಿಂದ ತಿಳಿಯಲು ಹೋಗಬೇಡಿ, ಕಾರಣ ಡಿಎನ್ಎ ಮೇಲಿನಿಂದಲೂ ಹರಿದು ಬರುತ್ತದೆ.

ಹಂತ 9: ಗುಂಪುಗಳನ್ನು ಕೂಡಿಸಿ ಕೊಳ್ಳದ ಅಂಕಿ ಪಡೆಯಿರಿ

ಪ್ರತಿ ಗುಂಪಿಗೂ ಖಂಡವೊಂದರ ಸರಾಸರಿಯನ್ನು ಆ ಗುಂಪಿನ ಒಟ್ಟು ಖಂಡಗಳಿಂದ ಗುಣಿಸಿ, ಆಮೇಲೆ ಗುಂಪುಗಳನ್ನು ಕೂಡಿಸಬೇಕು. ಎಲ್ಲ ಸ್ಥಳಗಳನ್ನೂ ಒಟ್ಟಿಗೆ ಹಾಕಿ ಒಂದೇ ಸರಾಸರಿ ತೆಗೆಯಬಾರದು. ಲೆಕ್ಕ ತೋರಿಸಲೆಂದು ಮೂರು ಗುಂಪುಗಳಿಗೆ ಮಾತ್ರ ಕಲ್ಪಿಸಿಕೊಂಡ ಅಂಕಿಗಳು ಇಲ್ಲಿವೆ.

ಗುಡ್ಡದ ತೊರೆಗಳು: 900 ಖಂಡಗಳಲ್ಲಿ 12ನ್ನು ನೋಡಲಾಗಿದೆ, ಸರಾಸರಿ 40, ಮಾನಕ ವಿಚಲನೆ (ಖಂಡದಿಂದ ಖಂಡಕ್ಕೆ ಇರುವ ಏರುಪೇರಿನ ಅಳತೆ) 24. ಒಟ್ಟು 36,000.

ಆಳವಿಲ್ಲದ ಹೊಳೆ: 300ರಲ್ಲಿ 10, ಸರಾಸರಿ 110, ಮಾನಕ ವಿಚಲನೆ 70. ಒಟ್ಟು 33,000.

ಮಡುಗಳು: 60ರಲ್ಲಿ 8, ಸರಾಸರಿ 310, ಮಾನಕ ವಿಚಲನೆ 190. ಒಟ್ಟು 18,600.

ಮೂರೂ ಸೇರಿ 87,600. ಪ್ರತಿ ಗುಂಪಿನ ದೋಷ ತಿಳಿಯಲು, ಮಾನಕ ವಿಚಲನೆಯ ವರ್ಗವನ್ನು ನೋಡಿದ ಖಂಡಗಳ ಸಂಖ್ಯೆಯಿಂದ ಭಾಗಿಸಿ, ಒಟ್ಟು ಖಂಡಗಳ ವರ್ಗದಿಂದ ಗುಣಿಸಿ, ಅದನ್ನು ನೋಡದೆ ಉಳಿದ ಖಂಡಗಳ ಪಾಲಿನಿಂದ ಗುಣಿಸಿ. ಮೂರು ಗುಂಪುಗಳ ಉತ್ತರಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 9,750 ಬರುತ್ತದೆ. ಅದರ ಎರಡು ಪಟ್ಟನ್ನು ಎರಡೂ ಕಡೆ ಇಟ್ಟರೆ ಅಂದಾಜು 68,000ದಿಂದ 1,07,000ದವರೆಗೆ ಎಂದು ಹೇಳಬಹುದು.

ಈಗ ಹಂತ 7ರ ಆ ಅಗಲವಾದ ವ್ಯಾಪ್ತಿಗೆ ಮರಳೋಣ. ಪ್ರತಿ ಮಡುವಿನ ಅಂದಾಜಿಗೂ 77ರಷ್ಟು ಮಾನಕ ದೋಷವಿದ್ದರೂ, ಅದು ಮಡುಗಳ ಗುಂಪಿನ ಒಟ್ಟು ದೋಷಕ್ಕೆ (ವರ್ಗದ ಲೆಕ್ಕದಲ್ಲಿ) ಸೇರಿಸುವುದು ಶೇ. 20ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮಡುವಿಗೂ ಮಡುವಿಗೂ ಇರುವ ವ್ಯತ್ಯಾಸದಿಂದ ಬಂದದ್ದು. ಆದುದರಿಂದ ಕೈಯಲ್ಲಿ ಇನ್ನೂ ನಾಲ್ಕು ದಿನವಿದ್ದರೆ ಅದೇ ಮಡುವನ್ನು ಮತ್ತೆ ಮತ್ತೆ ಎಣಿಸುತ್ತಾ ಕೂರಬೇಡಿ, ಪಟ್ಟಿಯ ಮುಂದಿನ ಎರಡು ಮಡುಗಳಿಗೆ ಹೋಗಿ. ಒಂದೇ ಜಾಗದಲ್ಲಿ ಬೆವರು ಸುರಿಸಿ ನಿಖರತೆ ಸಾಧಿಸುವ ಹಟ ಅನುಭವಿ ತಂಡಗಳಲ್ಲಿಯೂ ಇದೆ, ಕೊಳ್ಳದ ಅಂದಾಜಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಆದರೆ ಇದು ದೋಷ ಎರಡೂ ಕಡೆ ಸಮವಾಗಿ ವಾಲುವಾಗ ಮಾತ್ರ ನಿಜ. ತಡೆಬಲೆ ಎಲ್ಲ ಕಡೆಯೂ ಸೋರಿದರೆ ಅಥವಾ ಗುರುತು ಮಾಡಿದ ಮೀನು ಎಲ್ಲ ಕಡೆಯೂ ಸತ್ತರೆ, ಎಷ್ಟು ಸ್ಥಳ ಸೇರಿಸಿದರೂ ಆ ವಾಲು ಹೋಗುವುದಿಲ್ಲ.

ಹಂತ 10: ಬೇರೆ ದಾರಿಯಿಂದ ಪರೀಕ್ಷಿಸಿ

ಗಂಟೆಗೆ ಎಷ್ಟು ಮೀನು ಎಂಬ ಹಿಡಿತದ ಪ್ರಮಾಣವನ್ನು ಮೀನುಗಾರರಿಂದ ಸಂಗ್ರಹಿಸಿ, ನಿಮ್ಮ ಅಂದಾಜಿನ ಪಕ್ಕದಲ್ಲಿಟ್ಟು ನೋಡಿ. ಅದನ್ನೇ ಅಂದಾಜಿನ ಬದಲಿಗೆ ಬಳಸಬೇಡಿ. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಮೀನೆಲ್ಲ ಮಡುಗಳಿಗೆ ಸೇರುತ್ತವೆ. ಕೊಳ್ಳದ ಮೀನು ಕಡಿಮೆಯಾಗುತ್ತಿರುವಾಗಲೇ ಮಡುವಿನ ಹಿಡಿತ ಏರುತ್ತದೆ. ಸಂತೆಗೆ ಬರುವ ಮೀನಿನ ಲೆಕ್ಕವೂ ದೊಡ್ಡ ಗಾತ್ರದವುಗಳ ಲೆಕ್ಕ ಮಾತ್ರ.

ಹಂತ 11: ವರದಿ ಮತ್ತು ಕಡತ

ವರದಿಯಲ್ಲಿ ಒಂಟಿ ಸಂಖ್ಯೆ ಬರೆಯಬಾರದು. ಅಂದಾಜು, ವ್ಯಾಪ್ತಿ, ತಿಂಗಳು, ಗಾತ್ರದ ಮಿತಿ ಮತ್ತು ಬಿಟ್ಟ ಭಾಗಗಳು (ಜಲಾಶಯ, ಅನುಮತಿ ಸಿಗದ ಖಂಡಗಳು) ಒಂದೇ ವಾಕ್ಯದಲ್ಲಿರಲಿ, ಏಕೆಂದರೆ ಪತ್ರಿಕೆಗೆ ಹೋಗುವುದು ಆ ಒಂದು ವಾಕ್ಯವೇ. 87,613 ಎಂದು ಬರೆಯದೆ ಸುಮಾರು 88,000 ಎಂದು ಬರೆಯಿರಿ. ಅಪಾಯದಂಚಿನ ಜಾತಿ ಸಿಕ್ಕ ಮಡುವಿನ ನಿಖರ ಸ್ಥಾನವನ್ನು ಪ್ರಕಟಿಸದೆ ಇಲಾಖೆಗೆ ಮಾತ್ರ ಕೊಡಿ.

ಚೀಟಿ ಎತ್ತಿದ ಮೂಲ ಪಟ್ಟಿ, ಬದಲಿ ಸ್ಥಳಗಳ ಕಾರಣಗಳು, ಸೊನ್ನೆ ಬರೆದ ಹಾಳೆಗಳು, ಪ್ರತಿ ಸುತ್ತಿನ ಹೊತ್ತು ಮತ್ತು ಜನರ ಸಂಖ್ಯೆ, ಮೀನಿನ ಚಿತ್ರಗಳು ಇವೆಲ್ಲವನ್ನೂ ಎರಡು ಕಡೆ ಇಡಿ. ಮುಂದಿನ ವರ್ಷದ ಎಣಿಕೆಗೆ ಅರ್ಧದಷ್ಟು ಸ್ಥಳಗಳನ್ನು ಹಳೆಯ ಪಟ್ಟಿಯಿಂದಲೇ ಉಳಿಸಿಕೊಂಡು, ಉಳಿದರ್ಧವನ್ನು ಹೊಸದಾಗಿ ಎತ್ತಿ. ಹಳೆಯವು ಏರಿಳಿತವನ್ನು ತೋರಿಸುತ್ತವೆ, ಹೊಸವು ಒಟ್ಟು ಅಂದಾಜನ್ನು ಸರಿಪಡಿಸುತ್ತವೆ.